ತ್ರಿವೇಣಿಯ ಫಂಕ್ಷನ್ನು, ದೌಲಪ್ಪನ ದರ್ಬಾರು

ಮುಟ್ಟಬೇಡ ಎಂದ ವಸ್ತುವನ್ನು ತ್ರಿವೇಣಿ ಮುಟ್ಟದೆ ಬಿಟ್ಟಳು ಎಂಬ ಸುದ್ದಿ ಕಮಲಾಪುರದಲ್ಲಿ ಯಾರೂ ಕೇಳಿಲ್ಲ. ಅವಳು ಓದುತ್ತಿದ್ದ ಶಾಲೆಯಲ್ಲಿ ಒಂದೇ ಒಂದು ಕಂಪ್ಯೂಟರ್ ಇತ್ತು. ಅದಕ್ಕೊಂದು ಕೋಣೆ, ಕೋಣೆಗೊಂದು ಬೀಗ, ಕಂಪ್ಯೂಟರಿನ ಮೈಮೇಲೊಂದು ಹೂವಿನ ಬಟ್ಟೆ. ಹೆಡ್‌ಮಾಸ್ತರು ಬಟ್ಟೆ ಸರಿಸಿ, ದೂರದಿಂದ ಕೋಲು ಚಾಚಿ, "ಇದು ಮಾನಿಟರ್" ಎಂದು ತೋರಿಸಿ ಮತ್ತೆ ಮುಚ್ಚುತ್ತಿದ್ದರು. ಒಂದು ದಿನ ಅವರು ನೀರು ಕುಡಿಯಲು ಹೊರಗೆ ಹೋದದ್ದೇ ತಡ, ತ್ರಿವೇಣಿ ಕೀಬೋರ್ಡಿನ ಮೇಲೆ ಎರಡೂ ಕೈ ಇಟ್ಟು ಸಿಕ್ಕ ಸಿಕ್ಕ ಗುಂಡಿಗಳನ್ನೆಲ್ಲ ಒಟ್ಟಿಗೆ ಒತ್ತಿದಳು. ಪರದೆಯ ಮೇಲಿದ್ದುದೆಲ್ಲ ತಲೆಕೆಳಗಾಯಿತು. ಅದನ್ನು ನೆಟ್ಟಗೆ ಮಾಡುವುದು ಅವಳಿಗೂ ಬರಲಿಲ್ಲ, ಹೆಡ್‌ಮಾಸ್ತರಿಗೂ ಬರಲಿಲ್ಲ. ಆ ವರ್ಷವಿಡೀ ಮಾನಿಟರನ್ನೇ ಬುಡಮೇಲು ಮಾಡಿ, ಬೀಳದಂತೆ ಆಚೀಚೆ ಇಟ್ಟಿಗೆ ಕೊಟ್ಟು, ಕಂಪ್ಯೂಟರ್ ಪಾಠ ನಡೆಯಿತು.

ಅಪ್ಪ ಪ್ರೇಮಕುಮಾರ ಕಮಲಾಪುರದ ತೋಟಗಳಿಂದ ಕೆಂಪು ಬಾಳೆಗೊನೆಗಳನ್ನು ಕಲಬುರಗಿಯ ಮಾರುಕಟ್ಟೆಗೆ ಸಾಗಿಸುವ ಟೆಂಪೊ ಓಡಿಸುತ್ತಿದ್ದ. ಶಾಲೆಯಿಂದ ದೂರು ಬಂದಾಗ ಅವನು ಮಗಳನ್ನು ಬೈಯಲಿಲ್ಲ. "ಒಂದು ಇಕಿ ಕೈ ಕಟ್ಟಬೇಕು, ಇಲ್ಲಂದ್ರ ಇಕಿಗಿ ಅದನ್ನೇ ಕಲಿಸಬೇಕು" ಎಂದ. ಕೈ ಕಟ್ಟುವುದು ಯಾರಿಂದಲೂ ಆಗುವ ಕೆಲಸವಲ್ಲ ಎಂದು ಅವನಿಗೆ ಗೊತ್ತಿತ್ತು. ಹತ್ತನೆಯ ತರಗತಿ ಮುಗಿದ ಮೇಲೆ, ಬಾಳೆಗೊನೆಗಳ ನಡುವೆ ಅವಳ ಟ್ರಂಕಿಟ್ಟುಕೊಂಡು ಕಲಬುರಗಿಗೆ ಕರೆತಂದು ಕಂಪ್ಯೂಟರ್ ಡಿಪ್ಲೊಮಾಕ್ಕೆ ಸೇರಿಸಿದ.

ಡಿಪ್ಲೊಮಾ ಮುಗಿಸಿದ ತ್ರಿವೇಣಿ ಖೂಬಾ ಪ್ಲಾಟಿನಲ್ಲಿ ಒಂದು ಬಾಡಿಗೆ ಕೋಣೆ ಹಿಡಿದು, ಸ್ಟೇಶನ್ ಬಜಾರಿನ ಲಾಲ್ ಅಹ್ಮದ್ ಅವರ ಫೋಟೋ ಸ್ಟುಡಿಯೋದಲ್ಲಿ ಕೆಲಸಕ್ಕೆ ಸೇರಿದಳು. ಲಾಡ್ಜೊಂದರ ಮೇಲಿನ ಮಹಡಿಯಲ್ಲಿತ್ತು ಆ ಸ್ಟುಡಿಯೋ. ರೈಲು ಬಂದಾಗಲೆಲ್ಲ ಗೋಡೆಗೆ ತೂಗುಹಾಕಿದ ವಧುವರರು ಗಡಗಡ ನಡುಗುತ್ತಿದ್ದರು. ಲಾಲ್ ಅಹ್ಮದ್ ರೀಲು ಸುತ್ತುವ ಕಾಲದಿಂದ ಫೋಟೋ ತೆಗೆಯುತ್ತ ಬಂದವರು. ಬೆಳಕು ಅವರ ಮಾತು ಕೇಳುತ್ತಿತ್ತು. ಕಂಪ್ಯೂಟರ್ ಮಾತ್ರ ಕೇಳುತ್ತಿರಲಿಲ್ಲ. ಹಾಗಾಗಿ ಕ್ಯಾಮೆರಾದಿಂದ ಈಚೆಗಿನದೆಲ್ಲ ತ್ರಿವೇಣಿಯ ಪಾಲಿಗೆ ಬಂತು.

ಬಂದ ಹೊಸತರಲ್ಲೇ ಅವಳು ತನ್ನ ಗುಣ ತೋರಿಸಿದಳು. ಒಬ್ಬ ಗುತ್ತಿಗೆದಾರ ತನ್ನ ಫೋಟೋ ನೋಡಿ, "ಜರಾ ಬೆಳ್ಳಗ ಮಾಡವ್ವಾ" ಎಂದ. ಮಾಡಿದಳು. "ಇನ್ನೂ ಜರಾ" ಎಂದ. ಮಾಡಿದಳು. ಅವನು ಮತ್ತೆ ಬಾಯಿ ತೆರೆಯುವ ಮೊದಲೇ ಸುಣ್ಣ ಬಳಿದ ಗೋಡೆಯಂತೆ ಮಾಡಿ ಚೌಕಟ್ಟು ಹಾಕಿಸಿದಳು. ಮರುದಿನ ಫೋಟೋ ಒಯ್ಯಲು ಬಂದ ಅವನ ತಾಯಿ ಅದನ್ನು ತಿರುಗಿಸಿ ಮುರುಗಿಸಿ ನೋಡಿ, "ಇದು ಯಾರ ಮನೀ ಹುಡುಗನದೋ ನಮ್ಮವ್ವಾ, ನನ್ನ ಮಗಂದು ಕೊಡು" ಎಂದು ಕುಳಿತೇಬಿಟ್ಟಳು. ಲಾಲ್ ಅಹ್ಮದ್ ಗಿರಾಕಿಯ ಎದುರು ತ್ರಿವೇಣಿಯನ್ನು ಗದರಿಸಿ, ಪರದೆಯ ಹಿಂದೆ ಹೋಗಿ ಬಾಯಿಗೆ ಕರವಸ್ತ್ರ ಇಟ್ಟುಕೊಂಡು ನಕ್ಕರು.

ಅಷ್ಟು ಹೊತ್ತಿಗೆ ಮದುವೆಯ ಫೋಟೋಗಳನ್ನು ಪೆನ್‌ಡ್ರೈವಿನಲ್ಲಿ ಕೊಡುವ ರೂಢಿ ಕಡಿಮೆಯಾಗಿತ್ತು. ಎಲ್ಲವೂ ಸ್ಟುಡಿಯೋದ ಸರ್ವರಿನಲ್ಲಿ ಇರುತ್ತಿದ್ದವು. ಗಿರಾಕಿಗಳು ತಮ್ಮ ಮೊಬೈಲ್ ನಂಬರ್ ಹಾಕಿ ಮನೆಯಲ್ಲೇ ಕುಳಿತು ನೋಡುತ್ತಿದ್ದರು. ಮೊದಮೊದಲು ಯಾರ ಆಲ್ಬಮ್ಮನ್ನು ಯಾರು ಬೇಕಾದರೂ ತೆರೆಯಬಹುದಿತ್ತು. ಒಬ್ಬ ಮಹಾಶಯ, ತಾನು ಬೇಡವೆಂದು ಬಿಟ್ಟ ಹುಡುಗಿಗೆ ತನಗಿಂತ ಚೆಂದದ ಗಂಡ ಸಿಕ್ಕಿದ್ದನ್ನು ಹಾಗೆ ಯಾರದೋ ಆಲ್ಬಮ್ಮಿನಲ್ಲಿ ಕಂಡು, ಸ್ಟುಡಿಯೋದ ಮೆಟ್ಟಿಲು ಹತ್ತಿ ಬಂದು ಜಗಳ ತೆಗೆದ. ಅಂದಿನಿಂದ ಪ್ರತಿ ಆಲ್ಬಮ್ಮಿಗೂ ಬೀಗ ಹಾಕುವ ಕೆಲಸ ತ್ರಿವೇಣಿಯ ತಲೆಗೆ ಬಿತ್ತು.

ಆ ಬೀಗ ಎಂದರೆ ಒಂದು ಪಟ್ಟಿ. ಸರ್ವರಿನಲ್ಲಿರುವ ಪ್ರತಿ ಫೋಲ್ಡರಿಗೂ ಅಂಥದೊಂದು ಅಂಟಿಕೊಂಡಿರುತ್ತದೆ. ಯಾರು ಬರೀ ನೋಡಬಹುದು, ಯಾರು ಹೊಸದನ್ನು ಸೇರಿಸಬಹುದು, ಯಾರು ಅಳಿಸಬಹುದು ಎಂದು ಹೆಸರು ಹೆಸರಿನ ಮುಂದೆ ಬರೆದಿರುತ್ತದೆ. ಪಟ್ಟಿಯಲ್ಲಿ ಹೆಸರಿಲ್ಲದವರು ಬಾಗಿಲಾಚೆ. ಮೊದಲು ತ್ರಿವೇಣಿ ಒಂದೊಂದೇ ಹೆಸರಿಗೆ ಮೌಸಿನಿಂದ ಟಿಕ್ ಹಾಕುತ್ತಿದ್ದಳು. ಮೇ ತಿಂಗಳ ಮದುವೆ ಸುಗ್ಗಿಯಲ್ಲಿ ಬೆರಳು ನೋಯತೊಡಗಿತು. ಇದನ್ನು ಕಂಪ್ಯೂಟರಿನ ಕೈಯಲ್ಲೇ ಮಾಡಿಸಿದರಾಯಿತು ಎಂದು ಒಂದು ಫಂಕ್ಷನ್ ಬರೆಯಲು ಕುಳಿತಳು. ಫೋಲ್ಡರಿನ ಹೆಸರು, ಮನುಷ್ಯರ ಹೆಸರು, ಅವರಿಗೆ ಏನೇನು ಹಕ್ಕು, ಇಷ್ಟನ್ನು ಅದರ ಬಾಯಿಗೆ ಹಾಕಿದರೆ ಪಟ್ಟಿಯನ್ನು ಅದೇ ಬರೆದು ಅಂಟಿಸಬೇಕು.

ಆ ಹೊತ್ತಿಗೆ ಅವ್ವ ಫೋನು ಮಾಡಿದಳು. "ಏನ್ ಮಾಡಾಕತ್ತಿ ಬೇ?"

"ಫಂಕ್ಷನ್ ಬರಿಯಾಕತ್ತೀನಿ ಅವ್ವಾ."

"ಯಾರ ಮನ್ಯಾಗ ಫಂಕ್ಷನ್? ನಮಗ್ಯಾಕ ಕರದಿಲ್ಲ?"

"ಇದು ಕರಿಯೋ ಫಂಕ್ಷನ್ ಅಲ್ಲವ್ವಾ, ಯಾರ್ಯಾರಿಗಿ ಒಳಗ ಬಿಡಬೇಕು, ಯಾರಿಗಿ ಬಿಡಬಾರದು ಅಂತ ಹೇಳೋದು."

ಅವ್ವ, "ಎಲ್ಲಾ ಫಂಕ್ಷನ್ದಾಗೂ ಅದೇ ಇರತದಲ್ಲ" ಎಂದು ಫೋನಿಟ್ಟಳು.

ತ್ರಿವೇಣಿ ಆ ಫಂಕ್ಷನ್ನಿಗೆ 'ಬಾಗಿಲವ್ವ' ಎಂದು ಹೆಸರಿಟ್ಟಳು. ಬಾಗಿಲವ್ವ ಚೆನ್ನಾಗಿಯೇ ಕೆಲಸ ಮಾಡಿದಳು. ಒಂದು ಮನೆಯವರು ತಮ್ಮ ಹತ್ತಿಪ್ಪತ್ತು ನಂಬರು ಕಳಿಸುತ್ತಿದ್ದರು. ತ್ರಿವೇಣಿ ಎಲ್ಲವನ್ನೂ ಒಟ್ಟಿಗೆ ಕೊಡುತ್ತಿದ್ದಳು. ಎಲ್ಲರಿಗೂ ಆಲ್ಬಮ್ ತೆರೆದುಕೊಳ್ಳುತ್ತಿತ್ತು. ಒಂದೊಂದಾಗಿ ಹೆಸರು ಬಂದರೆ ಏನಾಗುತ್ತದೆ ಎಂದು ನೋಡುವ ಪ್ರಮೇಯವೇ ಬರಲಿಲ್ಲ. ಕಪಿಲನ ಮದುವೆಯವರೆಗೆ.

ಕಪಿಲ ತ್ರಿವೇಣಿಯ ದೊಡ್ಡಪ್ಪನ ಮಗ. ಅವನ ತಾಯಿ ರಮಾಬಾಯಿ, ತ್ರಿವೇಣಿಗೆ ದೊಡ್ಡವ್ವ. ಮದುವೆ ಕಮಲಾಪುರದಲ್ಲಿ, ಬುದ್ಧವಿಹಾರದ ಮುಂದೆ ಶಾಮಿಯಾನ ಹಾಕಿ ನಡೆಯಿತು. ವಧು ಕಾವೇರಿ ಬಿಳಿ ಸೀರೆಯಲ್ಲಿ ಬಂದಳು, ತ್ರಿಶರಣ ಪಂಚಶೀಲ ಹೇಳಿದ್ದಾಯಿತು, ಹೂವಿನೆಸಳು ತೂರಿದ್ದಾಯಿತು. ಎಲ್ಲವೂ ಸುಸೂತ್ರವಾಗಿದ್ದರೆ ಅದು ಮದುವೆಯೇ ಅಲ್ಲವಲ್ಲ. ಕಪಿಲನ ಸೋದರತ್ತೆ ಬಂಡೆಮ್ಮನಿಗೆ ಮುಂದಿನ ಸಾಲಿನಲ್ಲಿ ಕುರ್ಚಿ ಸಿಗಲಿಲ್ಲ. ಅಲ್ಲಿಂದ ಆಕೆ ಊದಿಸಿಕೊಂಡ ಮೋರೆ ಮದುವೆ ಮುಗಿಯುವವರೆಗೆ ಇಳಿಯಲಿಲ್ಲ. ಫೋಟೋ ತೆಗೆಯುತ್ತಿದ್ದ ಲಾಲ್ ಅಹ್ಮದ್ ಎತ್ತ ಕ್ಯಾಮೆರಾ ತಿರುಗಿಸಿದರೂ ಆ ಮೋರೆ ಅಲ್ಲಿರುತ್ತಿತ್ತು.

ಆಕೆಯ ಗಂಡ ಪೀರಪ್ಪ ಹೊಸ ಜಾಕೀಟು ತೊಟ್ಟು ಎಲ್ಲರ ಕೆಲಸದಲ್ಲೂ ತಪ್ಪು ಹುಡುಕುತ್ತ ಓಡಾಡಿದ. ಲಾಲ್ ಅಹ್ಮದ್ ಹತ್ತಿರ ಬಂದು, "ಸಾಹೇಬ್ರ, ಈ ಕ್ಯಾಮೆರಾ ನಿಜಾಮನ ಕಾಲದ್ದೇನ್ರಿ?" ಎಂದು ಕೇಳಿದ. ಊಟದ ಪಂಕ್ತಿಯಲ್ಲಿ ನಿಂತು, ಎಲ್ಲರಿಗೂ ಕೇಳುವಂತೆ, "ಹುಗ್ಗಿ ಸೀದದ" ಎಂದ.

ಹುಗ್ಗಿ ಮಾಡಿದವನು ದೌಲಪ್ಪ. ಕಮಲಾಪುರದ ಬಸ್‌ಸ್ಟ್ಯಾಂಡ್ ಹತ್ತಿರ ಸುಸಲಾ, ಮಿರ್ಚಿ ಭಜಿ, ಚಹಾದ ಸಣ್ಣ ಹೋಟೆಲು ಅವನದು. ಆ ಓಣಿಯಲ್ಲಿ ಯಾರ ಮದುವೆಯಾದರೂ ಗೋಧಿ ಹುಗ್ಗಿಯ ಕಡಾಯಿಯ ಮುಂದೆ ಅವನೇ ನಿಲ್ಲಬೇಕು. ಪೀರಪ್ಪನ ಮಾತು ಕೇಳಿ ಅವನು ಹೆಗಲ ಮೇಲಿನ ಟವೆಲ್ಲನ್ನು ತೆಗೆದು ಮತ್ತೊಂದು ಹೆಗಲಿಗೆ ಹಾಕಿಕೊಂಡ, ಅಷ್ಟೇ. ತ್ರಿವೇಣಿ ಅದನ್ನು ನೋಡಿದಳು.

ಮದುವೆಯ ಫೋಟೋಗಳು ಸರ್ವರಿಗೆ ಏರಿದ ದಿನ ಮೊದಲ ಫೋನು ರಮಾಬಾಯಿಯದು.

"ತ್ರಿವೇಣಿ, ನಾ ಮದುಮಗನ ತಾಯಿ. ನನಗ ಮೊದಲ ಕಾಣಸಬೇಕು. ಮತ್ತ ಕೇಳು, ಬಂಡೆಮ್ಮಗ ಅಳಿಸೋ ಹಕ್ಕು ಕೊಡಬ್ಯಾಡ. ಆಕಿ ಮಾರಿ ಊದಿಸಿಕೊಂಡಿದ್ದು ಹಂಗೇ ಇರ್ಲಿ, ಮೊಮ್ಮಕ್ಕಳಿಗಿ ತೋರಸ್ತೀನಿ."

ತ್ರಿವೇಣಿ ರಮಾಬಾಯಿಯ ನಂಬರು ಹಾಕಿ ಬಾಗಿಲವ್ವನನ್ನು ಓಡಿಸಿದಳು. "ಕಾಣಸ್ತದೇನು ದೊಡ್ಡವ್ವಾ?"

"ಹೌದವ್ವಾ, ಝಗಝಗ ಕಾಣಸ್ತದ!"

ಫೋನು ಇಡುವಷ್ಟರಲ್ಲಿ ಬಂಡೆಮ್ಮ. "ನನಗ ನೋಡೋದೂ ಕೊಡು, ಅಳಿಸೋದೂ ಕೊಡು."

"ಅಳಿಸೋದು ಯಾರಿಗೂ ಇಲ್ಲತ್ತಿ. ಬರೇ ನೋಡೋದದ."

"ಹಂಗಿದ್ರ ನಮ್ಮ ವೈನಿಗಿ ನೋಡೋದೂ ಕೊಡಬ್ಯಾಡ!"

"ಅದ್ಹ್ಯಾಂಗ ಆಗತದ ಅತ್ತಿ, ಮದುಮಗನ ತಾಯಿ ಆಕಿ" ಎಂದು ನಗುತ್ತ ಬಂಡೆಮ್ಮನ ನಂಬರು ಹಾಕಿ ಓಡಿಸಿದಳು. ಬಂಡೆಮ್ಮನಿಗೂ ಕಂಡಿತು. ಆಮೇಲೆ ಪೀರಪ್ಪನ ಸರದಿ. ಜಾಕೀಟಿನ ಫೋಟೋವನ್ನು ಅವನು ಸ್ಟೇಟಸ್ಸಿಗೆ ಹಾಕಬೇಕಿತ್ತು. ಆಮೇಲೆ ಕಪಿಲ, ಅವನ ಹಿಂದಿನಿಂದ ಪಿಸುಗುಡುವ ಕಾವೇರಿ. ಒಬ್ಬೊಬ್ಬರಿಗೂ ನಂಬರು ಹಾಕುವುದು, ಓಡಿಸುವುದು, "ಕಾಣಸ್ತದೇನು?" ಎಂದು ಕೇಳುವುದು. ಎಲ್ಲರೂ ಹೌದೆಂದರು.

ಕೊನೆಯದು ದೌಲಪ್ಪನ ಫೋನು. ಅವನು ಮಾತಿಗೆ ಮೊದಲು ಗಂಟಲು ಸರಿಮಾಡಿಕೊಂಡ.

"ಯವ್ವಾ, ಕಡಾಯಿ ಮುಂದ ನಿಂತಿದ್ದು ನಂದೊಂದು ಫೋಟೋ ತೆಗೆದಾರಂತ ಸಾಹೇಬ್ರು. ಅದೊಂದು ಸಿಕ್ಕರ ಹೋಟಲ್ದಾಗ ಹಾಕ್ತಿದ್ದೆ. ಇಷ್ಟು ವರ್ಷ ಮದುವಿ ಅಡಗಿ ಮಾಡೀನಿ, ಒಂದರಾಗೂ ನನ್ನ ಫೋಟೋ ಇಲ್ಲ ನೋಡು."

ಅವಳ ಬಾಲ್ಯದಲ್ಲಿ ಭಜಿಯ ಬಾಣಲೆಯಿಂದ ಮುರಿದ ಚೂರುಗಳನ್ನು ಕಾಗದದಲ್ಲಿ ಸುತ್ತಿ ಕೊಡುತ್ತಿದ್ದ ಮನುಷ್ಯ. ತ್ರಿವೇಣಿಗೆ ಒಂದು ತುಂಟ ಯೋಚನೆ ಹೊಳೆಯಿತು. ಅವನ ಹುಗ್ಗಿಯನ್ನು ಹೀಗಳೆದವರಿಗೆಲ್ಲ ಬರೀ ನೋಡುವ ಹಕ್ಕು. ಅವನಿಗೆ ಮಾತ್ರ ನೋಡುವುದು, ಸೇರಿಸುವುದು, ಅಳಿಸುವುದು, ಎಲ್ಲವೂ ಇರಲಿ! "ಒಂದ್ಯಾಕ ಕಾಕಾ, ಪೂರಾ ಆಲ್ಬಮ್ ತಗೊ" ಎಂದು ಅವನ ನಂಬರಿನ ಮುಂದೆ ಎಲ್ಲ ಹಕ್ಕುಗಳನ್ನೂ ಕೊಟ್ಟು ಬಾಗಿಲವ್ವನನ್ನು ಓಡಿಸಿದಳು. ಆಮೇಲೆ ಚೀಲ ಹೆಗಲಿಗೇರಿಸಿ ಮನೆಗೆ ಹೋದಳು.

ಮರುದಿನ ಸ್ಟುಡಿಯೋದ ಶಟರ್ ಎತ್ತುವ ಮೊದಲೇ ಫೋನು ಕಾದು ಕೆಂಡವಾಗಿತ್ತು. ರಮಾಬಾಯಿ ಹೇಳಿದಳು: ಆಲ್ಬಮ್ ತೆರೆಯುತ್ತಿಲ್ಲ, ಬಂಡೆಮ್ಮ ಎಲ್ಲ ಅಳಿಸಿದ್ದಾಳೆ. ಬಂಡೆಮ್ಮ ಹೇಳಿದಳು: ಆಲ್ಬಮ್ ತೆರೆಯುತ್ತಿಲ್ಲ, ವೈನಿ ನನ್ನ ಹೆಸರು ಹೊಡೆಸಿದ್ದಾಳೆ. ಪೀರಪ್ಪ, ಇದು ಆ ಹಳೆಯ ಕ್ಯಾಮೆರಾದ ದೋಷ ಎಂದ. ಕಾವೇರಿ ಕಪಿಲನ ಫೋನು ಕಸಿದುಕೊಂಡು, ನಮ್ಮ ಮದುವೆ ನಮಗೇ ಕಾಣುವುದಿಲ್ಲವೆಂದರೆ ಏನು ಹೇಳಬೇಕು ಎಂದು ಕೇಳಿದಳು.

ತ್ರಿವೇಣಿ ಸರ್ವರ್ ತೆರೆದು ಆಲ್ಬಮ್ಮಿಗೆ ಅಂಟಿದ ಪಟ್ಟಿ ನೋಡಿದಳು. ಸ್ಟುಡಿಯೋದ ಹೆಸರು ಬಿಟ್ಟರೆ ಅದರಲ್ಲಿ ಒಬ್ಬನೇ ಮನುಷ್ಯನಿದ್ದ: ದೌಲಪ್ಪ.

ತಾನು ಬರೆದ ಫಂಕ್ಷನ್ನನ್ನು ಸಾಲು ಸಾಲಾಗಿ ಓದಿದಾಗ ತಪ್ಪು ಸಿಕ್ಕಿತು. ಇದ್ದ ಪಟ್ಟಿಗೆ ಹೊಸ ಹೆಸರು ಸೇರಿಸುವುದು ಒಂದು ರೀತಿ. ಹಳೆಯ ಪಟ್ಟಿಯನ್ನು ಕಿತ್ತೆಸೆದು ಹೊಸದನ್ನೇ ಅಂಟಿಸುವುದು ಇನ್ನೊಂದು ರೀತಿ. ಬಾಗಿಲವ್ವ ಮಾಡುತ್ತಿದ್ದುದು ಎರಡನೆಯದು. ಬಂಡೆಮ್ಮನನ್ನು ಒಳಗೆ ಬಿಡುವಾಗ ರಮಾಬಾಯಿಯನ್ನು ಹೊರಗೆ ತಳ್ಳಿದ್ದಳು. ಪೀರಪ್ಪನನ್ನು ಬಿಡುವಾಗ ಬಂಡೆಮ್ಮನನ್ನು. ಹೀಗೆ ಒಬ್ಬರ ಬೆನ್ನಿಗೆ ಒಬ್ಬರನ್ನು ದಬ್ಬುತ್ತ, ಕೊನೆಗೆ ಬಂದ ದೌಲಪ್ಪನ ಕೈಗೆ ಇಡೀ ಮದುವೆಯ ಕೀಲಿಕೈ ಕೊಟ್ಟು ನಿಂತಿದ್ದಳು.

ತ್ರಿವೇಣಿಗೆ ನಗು ತಡೆಯಲಾಗಲಿಲ್ಲ. ಮೇಜಿನ ಮೇಲೆ ತಲೆಯಿಟ್ಟು ನಗುತ್ತಿದ್ದವಳನ್ನು ಕಂಡು ಲಾಲ್ ಅಹ್ಮದ್ ಓಡಿ ಬಂದರು. ವಿಷಯ ಕೇಳಿದ ಮೇಲೆ ಅವರ ಹುಬ್ಬು ಗಂಟಿಕ್ಕಿತು.

"ಬೇಟಾ, ಗಿರಾಕಿ ಜನ. ಮೊದಲ ಠೀಕ್ ಮಾಡು."

"ಮಾಡ್ತೇನಿ ಚಾಚಾ. ಸಂಜಿ ತನಕ ಇರ್ಲಿ."

"ಕೈಕು? ಒಂದು ಸಾಲು ಬದಲಾಯ್ಸಾಕ ಸಂಜಿ ಆಗಬೇಕಾ?"

"ಪೀರಪ್ಪ ಮಾವ ನಿಮ್ಮ ಕ್ಯಾಮೆರಾಕ್ಕ ಏನಂದಿದ್ದ, ನೆನಪದ ಇಲ್ಲ?"

ಲಾಲ್ ಅಹ್ಮದ್ ಕನ್ನಡಕ ತೆಗೆದು ಅಂಗಿಯ ತುದಿಯಿಂದ ಬಹಳ ಹೊತ್ತು ಒರೆಸಿದರು. ಆಮೇಲೆ ಕಿಟಕಿಯಾಚೆಗಿನ ಆಟೊಗಳನ್ನು ನೋಡುತ್ತ, "ಸಂಜಿ ತನಕ ಅಂದ್ರ ಸಂಜಿ ತನಕ. ಅದರ ಮ್ಯಾಲ ಏಕ್ ಮಿನಿಟ್ ಇಲ್ಲ" ಎಂದರು.

ತ್ರಿವೇಣಿ ಒಬ್ಬೊಬ್ಬರಿಗೂ ಫೋನು ಮಾಡಿ ಒಂದೇ ಮಾತು ಹೇಳಿದಳು. "ಫೋಟೋ ಎಲ್ಲೂ ಹೋಗಿಲ್ಲ. ಎಲ್ಲಾ ದೌಲಪ್ಪ ಕಾಕಾನ ಕಡೆ ಅವ. ಅವನ ಹೋಟಲ್ಕ ಹೋಗಿ ನೋಡ್ರಿ." ನಂತರ ಲ್ಯಾಪ್‌ಟಾಪನ್ನು ಚೀಲಕ್ಕೆ ಹಾಕಿಕೊಂಡು ತಾನೂ ಕಮಲಾಪುರದ ಬಸ್ಸು ಹತ್ತಿದಳು. ಇಂಥದನ್ನು ನೋಡದೆ ಬಿಡುವ ಜೀವ ಅವಳದಲ್ಲ.

ಅವಳು ತಲುಪುವಾಗ ದೌಲಪ್ಪನ ಹೋಟೆಲಿನ ಬೆಂಚುಗಳೆಲ್ಲ ತುಂಬಿದ್ದವು. ಒಂದು ತುದಿಗೆ ರಮಾಬಾಯಿ, ಇನ್ನೊಂದು ತುದಿಗೆ ಬಂಡೆಮ್ಮ, ನಡುವೆ ಹೊಸ ಜೋಡಿ, ಗಲ್ಲೆಯ ಪಕ್ಕದಲ್ಲಿ ಕೈಕಟ್ಟಿ ನಿಂತ ಪೀರಪ್ಪ. ಬಸ್ಸಿಗಾಗಿ ಕಾಯುತ್ತಿದ್ದವರೂ ಏನೋ ನಡೆಯುತ್ತಿದೆಯೆಂದು ಒಳಗೆ ಬಂದಿದ್ದರು. ಕ್ರಿಕೆಟ್ ನೋಡಲೆಂದು ಗೋಡೆಗೆ ಹಾಕಿದ್ದ ಟೀವಿಗೆ ದೌಲಪ್ಪ ತನ್ನ ಮೊಬೈಲನ್ನು ಜೋಡಿಸಿಕೊಂಡಿದ್ದ. ಬೆಳಿಗ್ಗೆ ಮೊದಲ ಗುಂಪು ಬಂದಾಗ ಅವನಿಗೆ ಏನೂ ಅರ್ಥವಾಗಿರಲಿಲ್ಲವಂತೆ. ಅರ್ಥವಾದ ಮೇಲೆ ಟವೆಲ್ಲನ್ನು ಝಾಡಿಸಿ, ಹೊಸದಾಗಿ ಮಡಚಿ, ಹೆಗಲಿಗೆ ಹಾಕಿಕೊಂಡು ಕುರ್ಚಿಯಲ್ಲಿ ಕುಳಿತನಂತೆ.

"ಬಾ ಯವ್ವಾ ತ್ರಿವೇಣಿ, ಕೂಡ್ರು. ಈಗ ಶುರು ಆಗತದ" ಎಂದ. "ಎಲ್ಲಾರೂ ಏನರ ತಗೋರಿ. ಬರಿಗೈಲೆ ಮದುವಿ ನೋಡಬಾರದು."

ಎಲ್ಲರ ಮುಂದೆಯೂ ಭಜಿ ಬಂತು. ಪೀರಪ್ಪ ಬೇಡವೆಂದ, ಬಂದ ಮೇಲೆ ತಿಂದ.

ಮೊದಲು ವಧುವಿನ ಫೋಟೋ, ವರನ ಫೋಟೋ ಬರಬಹುದೆಂದು ಎಲ್ಲರೂ ಕಾದರು. ದೌಲಪ್ಪ ತೋರಿಸಿದ್ದು ಹುಗ್ಗಿಯ ಕಡಾಯಿ. ಆಮೇಲೆ ಹಬೆಯಾಡುವ ಹುಗ್ಗಿ. ಆಮೇಲೆ ಕಡಾಯಿಯ ಮುಂದೆ ಸಟ್ಟುಗ ಹಿಡಿದು, ಹಬೆಯ ನಡುವೆ ಅರೆ ಕಣ್ಣು ಮುಚ್ಚಿ ನಿಂತ ತಾನೇ. ಲಾಲ್ ಅಹ್ಮದ್ ತೆಗೆದ ಒಳ್ಳೆಯ ಫೋಟೋಗಳಲ್ಲಿ ಅದೂ ಒಂದು. ಯಾರೋ ಬಸ್ಸಿನವರು "ವಾಹ್" ಎಂದರು. ದೌಲಪ್ಪ ಅದನ್ನು ಟೀವಿಯಲ್ಲಿ ಸಾಕಷ್ಟು ಹೊತ್ತು ನಿಲ್ಲಿಸಿದ.

"ನಮ್ಮ ಮದುವಿ ಯಾವಾಗ ಬರತದ ಕಾಕಾ?" ಎಂದಳು ಕಾವೇರಿ.

"ಬರತದ ಬರತದ. ಊಟ ಮೊದಲ, ಮದುವಿ ಆಮ್ಯಾಲ."

ಮುಂದಿನದು ಪಂಕ್ತಿಯ ಫೋಟೋ. ಜಾಕೀಟು ತೊಟ್ಟ ಪೀರಪ್ಪ ತಾಟು ಮುಂದೆ ಮಾಡಿ ಹುಗ್ಗಿ ಹಾಕಿಸಿಕೊಳ್ಳುತ್ತಿದ್ದ. ಅದರ ಮುಂದಿನದರಲ್ಲಿ ಜಾಕೀಟಿನ ಗುಂಡಿ ಬಿಚ್ಚಿ ಮತ್ತೆ ಹಾಕಿಸಿಕೊಳ್ಳುತ್ತಿದ್ದ. ಅದರ ಮುಂದಿನದರಲ್ಲಿ ಜಾಕೀಟೇ ಇರಲಿಲ್ಲ. ತಾಟು ಮಾತ್ರ ಮುಂದಿತ್ತು.

"ಸಾಹೇಬ್ರ, ಸೀದ ಹುಗ್ಗಿ ತಿನ್ನಾಕ ಇಷ್ಟು ತ್ರಾಸ ಯಾಕ ತಗೊಂಡ್ರಿ?" ಎಂದ ದೌಲಪ್ಪ, ಬಹಳ ಮರ್ಯಾದೆಯಿಂದ.

"ಅದು ನಾ ಬ್ಯಾರೆಯವರಿಗಿ ಇಸ್ಕೊಂಡಿದ್ದು."

ದೌಲಪ್ಪ ಬೆರಳಾಡಿಸಿದ. ಪೀರಪ್ಪ ಕಣ್ಣು ಮುಚ್ಚಿ ಬೆರಳು ನೆಕ್ಕುತ್ತಿರುವ ಫೋಟೋ ಬಂತು. ಹೋಟೆಲಿಗೆ ಹೋಟೆಲೇ ನಗೆಯಲ್ಲಿ ಮುಳುಗಿತು. ಬಂಡೆಮ್ಮ ಸೆರಗು ಬಾಯಿಗಿಟ್ಟುಕೊಂಡು ಎಲ್ಲರಿಗಿಂತ ಹೆಚ್ಚು ನಕ್ಕಳು. ಪೀರಪ್ಪನ ಮೀಸೆ ಸ್ವಲ್ಪ ಹೊತ್ತು ಅತ್ತ ಇತ್ತ ಅಲ್ಲಾಡಿತು.

"ಸೀದಿತ್ತು ಅಂದಿದ್ದು ಖರೆ. ಆದ್ರ ದೌಲಪ್ಪ, ಸೀದ ಹುಗ್ಗೀನೂ ನೀ ಭಾಳ ಚಲೋ ಮಾಡ್ತಿ ನೋಡು."

ದೌಲಪ್ಪ ಅಷ್ಟಕ್ಕೇ ಸಮಾಧಾನಪಟ್ಟಂತೆ ಕಂಡಿತು. ಬೆರಳು ಸರಿಸಿದ. ಆಲ್ಬಮ್ಮಿನಲ್ಲಿ ಅವನದೇ ಫೋಟೋದ ಪಕ್ಕದಲ್ಲಿದ್ದದ್ದು ಟೀವಿ ತುಂಬ ಬಂತು: ಬಂಡೆಮ್ಮನ ಊದಿದ ಮೋರೆ. ಎರಡು ಕೆನ್ನೆ, ಒಂದು ಮೂಗು, ಹಿಂದೆಲ್ಲೋ ಮಸುಕು ಮಸುಕಾಗಿ ಮದುವೆ.

ಈಗ ನಗುವ ಸರದಿ ರಮಾಬಾಯಿಯದು. "ಇದು ದೊಡ್ಡದು ಮಾಡಿ ಪಡಸಾಲ್ಯಾಗ ಹಾಕಬೇಕು" ಎಂದಳು. ಬಂಡೆಮ್ಮ ಬೆಂಚಿನಿಂದ ಎದ್ದು ನೇರ ದೌಲಪ್ಪನ ಹತ್ತಿರ ಹೋದಳು.

"ಅಣ್ಣಾ, ಅದನ್ನ ಅಳಿಸಿಬಿಡು. ನಿನ್ನ ಕೈಯಾಗ ಅದಂತ."

"ಅಳಿಸಬ್ಯಾಡ ದೌಲಪ್ಪಣ್ಣಾ!" ರಮಾಬಾಯಿಯೂ ಎದ್ದಳು.

ದೌಲಪ್ಪನ ಹೆಬ್ಬೆರಳು ಪರದೆಯ ಮೇಲೆ ತೂಗಾಡುತ್ತಿತ್ತು. ತ್ರಿವೇಣಿಯ ನಗು ಅಲ್ಲಿಗೇ ನಿಂತುಹೋಯಿತು. ಅವನಿಗೆ ಅಳಿಸುವ ಹಕ್ಕು ಕೊಟ್ಟವಳು ತಾನೇ. ಅದು ಬರೀ ತೋರಿಕೆಯ ಹಕ್ಕಲ್ಲ. ಒತ್ತಿದರೆ ಸರ್ವರಿನಿಂದಲೇ ಹೋಗುತ್ತದೆ. ಕ್ಯಾಮೆರಾದ ಕಾರ್ಡನ್ನು ಆಗಲೇ ಖಾಲಿ ಮಾಡಿ ಇನ್ನೊಂದು ಮದುವೆಗೆ ಬಳಸಿಯಾಗಿತ್ತು, ಬೇರೆ ಪ್ರತಿ ಇರಲಿಲ್ಲ. ಬೆರಳು ತಪ್ಪಿದರೆ ಹೋಗುವುದು ಯಾವ ಫೋಟೋವೋ, ಎಷ್ಟು ಫೋಟೋವೋ.

"ಕಾಕಾ, ಕೈ ತೆಗಿ!" ಎಂದು ಕಿರುಚಿದಳು.

ಅವಳು ಕಿರುಚಿದ್ದಕ್ಕೇ ದೌಲಪ್ಪ ಬೆಚ್ಚಿದ. ಭಜಿಯ ಎಣ್ಣೆ ಹತ್ತಿದ ಹೆಬ್ಬೆರಳು ಜಾರಿತು. ಟೀವಿಯ ಮೇಲೆ ಬಂಡೆಮ್ಮ ಸರ್ರನೆ ಒಂದು ಬದಿಗೆ ಹೋದಳು, ಏನೋ ಬಂತು, ಏನೋ ಹೋಯಿತು, ಒಂದು ಸಣ್ಣ ಸಾಲು ಮೂಡಿತು: ಅಳಿಸಲಾಗಿದೆ.

ತ್ರಿವೇಣಿ ಮೊಬೈಲ್ ಕಸಿದುಕೊಂಡು ಒಂದೊಂದೇ ಫೋಟೋ ನೋಡಿದಳು. ವಧುವರರು ಇದ್ದರು. ಬಂಡೆಮ್ಮನ ಮೋರೆ ಇದ್ದಂತೆಯೇ ಇತ್ತು. ಪೀರಪ್ಪ ಬೆರಳು ನೆಕ್ಕುತ್ತಲೇ ಇದ್ದ. ಇಲ್ಲವಾದದ್ದು ಒಂದೇ ಒಂದು: ಹಬೆಯ ನಡುವೆ ಸಟ್ಟುಗ ಹಿಡಿದು ನಿಂತ ದೌಲಪ್ಪ.

ಬಸ್ಸಿನವರು ಸದ್ದಿಲ್ಲದೆ ಎದ್ದು ಹೋದರು. ದೌಲಪ್ಪ ಹೆಬ್ಬೆರಳನ್ನು ಟವೆಲ್ಲಿಗೆ ಒರೆಸಿದ, ಮತ್ತೊಮ್ಮೆ ಒರೆಸಿದ.

"ಹೋಗ್ಲಿ ಬಿಡವ್ವಾ. ನನ್ನ ಮಾರ್ಯಾಗ ಏನದ ನೋಡಾಕ" ಎಂದು ಒಲೆಯ ಕಡೆ ತಿರುಗಿದ. ಆಮೇಲೆ ಬೆನ್ನು ಹಾಕಿಕೊಂಡೇ ಹೇಳಿದ: "ಆ ಅಳಿಸೋ ಹಕ್ಕನ್ನ ನನ್ನ ಹೆಸರಿನಿಂದ ತೆಗೆದುಬಿಡು. ಎಣ್ಣಿ ಕೈಯವರಿಗಿ ಅದು ಬ್ಯಾಡ."

ತ್ರಿವೇಣಿ ಭಜಿಯ ತಟ್ಟೆಗಳನ್ನು ಸರಿಸಿ ಅಲ್ಲೇ ಲ್ಯಾಪ್‌ಟಾಪ್ ತೆರೆದಳು. ಬದಲಾಯಿಸಬೇಕಾದದ್ದು ನಿಜಕ್ಕೂ ಒಂದೇ ಸಾಲು: ಕಿತ್ತು ಅಂಟಿಸುವ ಕಡೆ, ಇದ್ದುದಕ್ಕೆ ಸೇರಿಸು ಎಂದು ಬರೆದಳು. ದೌಲಪ್ಪನ ಹೆಸರಿನ ಮುಂದಿನ ಅಳಿಸುವ ಹಕ್ಕನ್ನು ತೆಗೆದಳು. ರಮಾಬಾಯಿ, ಬಂಡೆಮ್ಮ, ಪೀರಪ್ಪ, ಕಪಿಲ, ಕಾವೇರಿ, ಒಬ್ಬೊಬ್ಬರನ್ನೇ ಸೇರಿಸಿದಳು. ಪ್ರತಿ ಸಲವೂ ಹಿಂದಿನವರು ಉಳಿದಿದ್ದಾರೆಯೇ ಎಂದು ಪಟ್ಟಿ ತೆರೆದು ನೋಡಿದಳು. ಉಳಿದಿದ್ದರು. ಎಲ್ಲರ ಮೊಬೈಲಿನಲ್ಲೂ ಮದುವೆ ತೆರೆದುಕೊಂಡಿತು. ಆದರೆ ಯಾರೂ ಅದನ್ನು ನೋಡುವ ಮನಸ್ಸಿನಲ್ಲಿರಲಿಲ್ಲ.

ಸಂಜೆ ಕಲಬುರಗಿಗೆ ಮರಳಿ ಲಾಲ್ ಅಹ್ಮದ್ ಎದುರು ನಡೆದುದನ್ನೆಲ್ಲ ಹೇಳಿದಳು. ಬೈಗುಳ ಬರಬಹುದೆಂದು ತಲೆ ತಗ್ಗಿಸಿ ನಿಂತಳು. ಅವರು ಬೈಯಲಿಲ್ಲ.

"ತಮಾಷಾದಾಗ ನಾನೂ ಶರೀಕ್ ಇದ್ದೆ ಬೇಟಾ" ಎಂದರು. "ಐತವಾರ ಅಂಗಡಿ ಬಂದ್ ಮಾಡಿ ಕಮಲಾಪುರಕ್ಕ ಹೋಗೋಣ. ಹುಗ್ಗಿ ಮತ್ತ ಮಾಡಾಕ ಹೇಳು."

ಭಾನುವಾರ ಅದೇ ಕಡಾಯಿ ಒಲೆಯೇರಿತು. ಗೋಧಿ ರಮಾಬಾಯಿಯ ಮನೆಯಿಂದ, ಬೆಲ್ಲ ಬಂಡೆಮ್ಮನ ಮನೆಯಿಂದ ಬಂತು. ಯಾವುದು ಹೆಚ್ಚು ಒಳ್ಳೆಯದು ಎಂಬ ಬಗ್ಗೆ ಇಬ್ಬರಿಗೂ ಸಣ್ಣದೊಂದು ವಾದವಾಯಿತು. ಹುಗ್ಗಿ ಕುದಿಯತೊಡಗಿದಾಗ ಲಾಲ್ ಅಹ್ಮದ್ ದೌಲಪ್ಪನನ್ನು ಬೆಳಕಿಗೆ ಹೊಂದಿಸಿ ನಿಲ್ಲಿಸಿದರು. ಆದರೆ ಫೋಟೋಕ್ಕೆ ನಿಲ್ಲಬೇಕೆಂದ ಕೂಡಲೇ ದೌಲಪ್ಪ ಕಂಬದಂತಾದ. ಸಟ್ಟುಗ ಬಂದೂಕಿನಂತೆ ನಿಂತಿತು.

"ಹಿಂಗಲ್ಲ ಭಾಯಿ. ಮನಸ್ಸು ಬ್ಯಾರೆ ಕಡೆ ಇರಬೇಕು" ಎಂದ ಲಾಲ್ ಅಹ್ಮದ್ ಸುತ್ತ ನೋಡಿದರು. "ಪೀರಪ್ಪ ಸಾಹೇಬ್ರ, ನೀವು ಬರ್ರಿ. ಸಟ್ಟುಗ ನಿಮ್ಮ ಕೈಯಾಗ ಹಿಡೀರಿ."

"ನಾನಾ?"

"ಹುಗ್ಗಿ ಸೀದದೋ ಇಲ್ಲೋ ಹೇಳೋ ಪಾರಖಿ ನೀವೇ ಅಲ್ಲ!"

ಪೀರಪ್ಪ ಜಾಕೀಟು ಬಿಚ್ಚಿಟ್ಟು ಸಟ್ಟುಗ ಹಿಡಿದ. ನಾಲ್ಕು ಸುತ್ತು ತಿರುವುವಷ್ಟರಲ್ಲಿ ಬೆವರಿದ, ಹೊಗೆಗೆ ಕಣ್ಣು ಉಜ್ಜಿಕೊಂಡ, ಕೈ ಬದಲಿಸಿದ. ಪಕ್ಕದಲ್ಲಿ ನಿಂತ ದೌಲಪ್ಪ ಕ್ಯಾಮೆರಾವನ್ನು ಮರೆತೇಬಿಟ್ಟ. "ತಳ ಹತ್ತತದ ಸಾಹೇಬ್ರ, ತಳಕ್ಕ ಹಚ್ಚಿ ತಿರುವ್ರಿ! ಅಯ್ಯ, ಅತ್ತಾಗಲ್ಲ!" ಎಂದು ಬಾಗಿ, ಎರಡೂ ಕೈ ಆಡಿಸಿ, ನಗುತ್ತ ಬೈಯುತ್ತ ನಿಂತಿದ್ದವನನ್ನು ಲಾಲ್ ಅಹ್ಮದ್ ಒಂದರ ಮೇಲೊಂದು ತೆಗೆದರು. ಕಳೆದುಹೋದ ಫೋಟೋಕ್ಕಿಂತ ಅದು ಚೆಂದ ಬಂತೆಂದು ಅವರೇ ಹೇಳುತ್ತಾರೆ. ಹುಗ್ಗಿ ಮಾತ್ರ ಈ ಸಲ ನಿಜವಾಗಿಯೂ ಸೀದಿತ್ತು. ತಾಟು ಮುಂದೆ ಮಾಡಿದವರಲ್ಲಿ ಪೀರಪ್ಪನೇ ಮೊದಲಿಗ.

ಆಮೇಲೆ ಸ್ಟುಡಿಯೋದಲ್ಲಿ ಒಂದು ಹೊಸ ಕಾನೂನು ಬಂತು. ಯಾವ ಆಲ್ಬಮ್ಮಿನಲ್ಲೂ ಗಿರಾಕಿಗೆ ಅಳಿಸುವ ಹಕ್ಕಿಲ್ಲ, ತ್ರಿವೇಣಿಗೂ ಇಲ್ಲ. ಅದು ಇರಬೇಕಾದದ್ದು ಒಬ್ಬರ ಹೆಸರಿನಲ್ಲಿ ಮಾತ್ರ, ಲಾಲ್ ಅಹ್ಮದ್ ಅವರ ಹೆಂಡತಿ ಖುರ್ಷೀದ್ ಬೇಗಂ ಹೆಸರಿನಲ್ಲಿ.

"ಅವರಿಗಿ ಕಂಪ್ಯೂಟರ್ ಬರಂಗಿಲ್ಲಲ್ಲ ಚಾಚಾ?"

"ಅದಕ್ಕೇ. ಮತ್ತ ಆಕಿ ಮದುವಿಯಾಗಿ ಬಂದಾಗಿಂದ ಒಡದ ಕಪ್ಪಿನ ಹಿಡಿಕಿ ಸೈತ ಒಗದಿಲ್ಲ. ಅಳಿಸೋ ಹಕ್ಕು ಅಂಥವರ ಕೈಯಾಗೇ ಇರಬೇಕು."

ತ್ರಿವೇಣಿ ಬಾಗಿಲವ್ವನಿಗೆ ಆ ಒಂದು ಹೆಸರು ಕಲಿಸಿದಳು. ಇನ್ನು ಯಾರಾದರೂ ಫೋಟೋ ಅಳಿಸಬೇಕೆಂದರೆ ಬೇಗಂ ಮನೆಗೆ ಹೋಗಬೇಕು, ಫೋಟೋ ತೋರಿಸಬೇಕು, ಕಾರಣ ಹೇಳಬೇಕು. ಬೇಗಂ ಚಹಾ ಕೊಡುತ್ತಾರೆ, ಖಾರಿ ಬಿಸ್ಕೀಟು ಕೊಡುತ್ತಾರೆ, ಕನ್ನಡಕ ಹಾಕಿಕೊಂಡು ಫೋಟೋವನ್ನು ನಿಧಾನವಾಗಿ ನೋಡುತ್ತಾರೆ. ಆಮೇಲೆ, "ಇತ್ತಾ ಅಚ್ಛಾ ಅದ, ಕೈಕು ತೆಗಿಬೇಕು?" ಎಂದು ಕೇಳಿ ವಾಪಸು ಕಳಿಸುತ್ತಾರೆ. ಇದುವರೆಗೆ ಒಂದು ಫೋಟೋವೂ ಹೋಗಿಲ್ಲ.

ಅದರ ರುಚಿ ತ್ರಿವೇಣಿಗೂ ಸಿಕ್ಕಿತು. ಆ ಭಾನುವಾರ ಲಾಲ್ ಅಹ್ಮದ್ ಅವಳಿಗೆ ಗೊತ್ತಾಗದಂತೆ ಅವಳದೊಂದು ಫೋಟೋ ತೆಗೆದಿದ್ದರು. ಬಾಯಿ ತುಂಬ ಹುಗ್ಗಿ, ಮೂಗಿನ ತುದಿಗೂ ಹುಗ್ಗಿ, ನಗುವಿಗೆ ಮುಚ್ಚಿಹೋದ ಕಣ್ಣು. ಅವಳು ಅದನ್ನು ನೋಡಿದ ದಿನವೇ ಬೇಗಂ ಮನೆಗೆ ಓಡಿದಳು. ಬೇಗಂ ಚಹಾ ಕೊಟ್ಟರು, ಬಿಸ್ಕೀಟು ಕೊಟ್ಟರು, ಕನ್ನಡಕ ಹಾಕಿಕೊಂಡರು. ಎಷ್ಟು ಹೊತ್ತಾದರೂ ಮೊಬೈಲ್ ವಾಪಸು ಕೊಡಲಿಲ್ಲ.

ಈಗ ಸ್ಟುಡಿಯೋದ ಮೆಟ್ಟಿಲು ಹತ್ತುವವರಿಗೆ ಮೊದಲ ತಿರುವಿನಲ್ಲಿ ಎದುರಾಗುವುದು ಆ ಫೋಟೋ, ದಪ್ಪ ಚೌಕಟ್ಟಿನಲ್ಲಿ. ಚೌಕಟ್ಟು ಹಾಕಿಸಿದವರು ಖುರ್ಷೀದ್ ಬೇಗಂ. ತ್ರಿವೇಣಿ ದಿನವೂ ಅದರ ಮುಂದೆ ಮುಖ ತಿರುಗಿಸಿಕೊಂಡು ಮೇಲೆ ಹೋಗುತ್ತಾಳೆ.